ಮುಂದಿನ ಬ್ರೇಕು

ಜಾಕಿಯ ಸರಳನ್ನು ಇನ್ನೊಂದು ಸುತ್ತು ತಿರುಗಿಸಿದಾಗ ಸುಮೋದ ಎಡಗಡೆಯ ಮುಂದಿನ ಚಕ್ರ ನೆಲ ಬಿಟ್ಟಿತು. ಸಿದ್ದಮಲ್ಲಪ್ಪ ಎದ್ದು ನಿಂತು ಗೇಟಿನ ಕಡೆ ನೋಡಿದ. ಒಳಗಿನಿಂದ ಹಾಕಿದ್ದ ಬೀಗ ಹಾಗೆಯೇ ಇತ್ತು. ಗೇಟಿನ ಸರಳುಗಳಿಗೆ ಕಟ್ಟಿದ್ದ ಟಾರ್ಪಾಲಿನ ಒಂದು ಮೂಲೆ ಮಾತ್ರ ಗಾಳಿಗೆ ಎದ್ದು ಬೀಳುತ್ತಿತ್ತು. ಭಾನುವಾರ ಮಧ್ಯಾಹ್ನ, ನಂಜನಗೂಡಿನ ಆ ಬಡಾವಣೆಯಲ್ಲಿ ಎಲ್ಲರೂ ಉಂಡು ಮಲಗಿರುವ ಹೊತ್ತು. ಆದರೂ ಎದುರು ಮನೆಯ ಮಹಡಿಯಲ್ಲಿ ಯಾರೋ ಬಟ್ಟೆ ಒದರಿದ ಸದ್ದಾದಾಗ ಅವನ ಕೈಯ ಸ್ಪ್ಯಾನರು ತನ್ನಷ್ಟಕ್ಕೆ ತಾನೇ ಬೆನ್ನ ಹಿಂದೆ ಹೋಯಿತು. ಇಪ್ಪತ್ತೆರಡು ವರ್ಷ ವಿಜ್ಞಾನ ಪಾಠ ಹೇಳಿದ ಮೇಷ್ಟ್ರು ತನ್ನದೇ ಅಂಗಳದಲ್ಲಿ ಕಳ್ಳನ ಹಾಗೆ ನಿಂತಿದ್ದಾನೆ ಎಂದು ಯಾರೋ ಹೊರಗಿನವರು ಹೇಳಿದಂತೆ ಅನ್ನಿಸಿತು. ಬೆಳಿಗ್ಗೆ ಮೊದಲ ಬಸ್ಸಿಗೆ ಮೈಸೂರಿಗೆ ಹೋಗಿ, ಅಂಗಡಿ ಬಾಗಿಲು ತೆಗೆಯುವುದನ್ನೇ ಕಾದು, ಎರಡು ಹೊಸ ಡಿಸ್ಕು, ಒಂದು ಸೆಟ್ ಪ್ಯಾಡು, ಬ್ರೇಕ್ ಆಯಿಲ್ ಡಬ್ಬ ತಂದಿದ್ದ. ಅವೆಲ್ಲ ನಂಜನಗೂಡಿನಲ್ಲೇ ಸಿಗುತ್ತಿದ್ದವು. ಆದರೆ ಇಲ್ಲಿನ ಅಂಗಡಿಯವರ ಮಕ್ಕಳೆಲ್ಲ ಅವನ ಶಿಷ್ಯರು. 'ಯಾವ ಗ್ಯಾರೇಜಿಗೆ ಸಾರ್?' ಎಂದು ಮೈಸೂರಿನ ಅಂಗಡಿಯವನು ಸುಮ್ಮನೆ ಕೇಳಿದ್ದಕ್ಕೂ ನಾಲಿಗೆ ತಡವರಿಸಿತ್ತು. ಯಾವ ಗ್ಯಾರೇಜಿಗೂ ಅಲ್ಲ. ಯಾವ ಮೆಕ್ಯಾನಿಕ್ಕನ ಕಣ್ಣಿಗೂ ಈ ಚಕ್ರದ ಹಿಂದೆ ಇರುವುದು ಬೀಳಕೂಡದು. ನಾಳೆ ಬೆಳಿಗ್ಗೆ ಹತ್ತಕ್ಕೆ ಗಾಡಿ ಠಾಣೆಯ ಮುಂದೆ ಇರಬೇಕು. ಬ್ರೇಕ್ ಇನ್ಸ್‌ಪೆಕ್ಟರು ಬಂದು ಪರೀಕ್ಷೆ ಮಾಡುತ್ತಾರೆ ಎಂದು ನಿನ್ನೆ ಸಂಜೆ ಪೇದೆ ಹೇಳಿ ಹೋಗಿದ್ದ. ಅದಕ್ಕೆ ಮೊದಲು ಇನ್ನೊಂದು ಮಾತೂ ಹೇಳಿದ್ದ. ಹೆಮ್ಮಿಗೆಯ ಹೆಂಗಸು ಹೋಗ್ಬಿಟ್ಳಂತೆ ಮೇಷ್ಟ್ರೇ, ಬೆಳಗಿನ ಜಾವ.

ನಟ್ಟುಗಳನ್ನು ಬಿಚ್ಚಿ ಚಕ್ರವನ್ನು ಎದೆಗೊರಗಿಸಿಕೊಂಡು ಇಳಿಸಿದ. ಒಳಗೆ ಕಂಡದ್ದನ್ನು ನೋಡಿ ಹಾಗೆಯೇ ಕುಕ್ಕುರುಗಾಲಿನಲ್ಲಿ ಕೂತುಬಿಟ್ಟ. ಡಿಸ್ಕಿನ ಮೈ ಉತ್ತ ಹೊಲದ ಹಾಗೆ ಸಾಲುಸಾಲಾಗಿ ಕೊರೆದುಹೋಗಿತ್ತು. ಬೆರಳಿಟ್ಟರೆ ಉಗುರು ಸಾಲಿನೊಳಗೆ ಇಳಿಯಿತು. ಡಿಸ್ಕನ್ನು ಅವುಚಿ ಹಿಡಿದಿದ್ದ ಕ್ಯಾಲಿಪರ್ ಬಿಚ್ಚಿದಾಗ ಪ್ಯಾಡುಗಳು ಕೈಗೆ ಬಂದವು. ಅವುಗಳಿಗೆ ಅಂಟಿಕೊಂಡಿರಬೇಕಾದ ದಪ್ಪನೆಯ ಕಪ್ಪು ಪದರ ಒಂದು ಎಳೆಯಷ್ಟೂ ಉಳಿದಿರಲಿಲ್ಲ. ಬರಿಯ ಕಬ್ಬಿಣ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ನೀಲಿಗಟ್ಟಿತ್ತು. ಘರ್ಷಣೆ ಎಂದರೇನು, ಘರ್ಷಣೆಯಿಂದ ಉಪಯೋಗಗಳೇನು, ಎರಡು ಉದಾಹರಣೆ ಕೊಡಿ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಬೋರ್ಡಿನ ಮೇಲೆ ಚಕ್ರ ಬರೆದು, ಅದನ್ನು ಎರಡೂ ಕಡೆಯಿಂದ ಹಿಡಿಯುವ ಪಟ್ಟಿ ಬರೆದು, ಇದಿಲ್ಲದಿದ್ದರೆ ಹೊರಟದ್ದು ನಿಲ್ಲುವುದೇ ಇಲ್ಲ ನೋಡಿ ಮಕ್ಕಳೇ ಎಂದು ತಾನೇ ಹೇಳುತ್ತಿದ್ದ. ಆ ಮಾತು ಹೇಳುವಾಗ ಕೊಂಚ ನಾಟಕೀಯವಾಗಿ ಕೈ ಎತ್ತಿ ನಿಲ್ಲಿಸುವುದು ಅವನ ಅಭ್ಯಾಸ. ಹಿಂದಿನ ಬೆಂಚಿನವರು ಅದನ್ನು ಅಣಕಿಸುತ್ತಾರೆಂದೂ ಅವನಿಗೆ ಗೊತ್ತಿತ್ತು.

ಡ್ರೈವರ್ ಮಾದು ಮೊದಲು ಹೇಳಿದ್ದು ಡಿಸೆಂಬರಿನಲ್ಲಿ. ಎರಡನೆಯ ಸಲ ಹೇಳಿದ್ದು ಶಾಲೆಯ ಅಂಗಳದಲ್ಲಿ, ನಾಲ್ಕೈದು ಮಂದಿ ಮೇಷ್ಟ್ರುಗಳ ಎದುರಿಗೆ. ಯಾರದೋ ಮಗಳ ಮದುವೆಗೆಂದು ಎಲ್ಲರೂ ಸುಮೋ ಹತ್ತುವುದರಲ್ಲಿದ್ದರು. 'ಸಾ, ಮುಂದ್ಲ ಬ್ರೇಕು ಕೀರ್ತಾ ಅದೆ. ಇಂಗೇ ಓಡುಸ್ಬಾರ್ದು' ಎಂದು ಮಾದು ಸ್ವಲ್ಪ ಗಟ್ಟಿಯಾಗಿಯೇ ಅಂದಿದ್ದ. ಎಲ್ಲರೆದುರಿಗೆ, ಎಲ್ಲರಿಗೂ ಕೇಳುವ ಹಾಗೆ ಯಾಕೆ ಹೇಳಿದ ಎಂಬುದೇ ಸಿದ್ದಮಲ್ಲಪ್ಪನ ತಲೆಗೆ ಏರಿತ್ತು. ಗಾಡಿ ಇಟ್ಟಿದ್ದಾನೆ, ರಿಪೇರಿ ಮಾಡಿಸುವ ಯೋಗ್ಯತೆ ಇಲ್ಲ ಅಂದುಕೊಳ್ಳುತ್ತಾರೆ. 'ಗಾಡಿ ನಿಂದೋ ನಂದೋ?' ಎಂದುಬಿಟ್ಟ. ಡ್ರಿಲ್ ಮೇಷ್ಟ್ರು ಹೋ ಎಂದು ನಕ್ಕರು. ನಗು ಒಬ್ಬರಿಂದ ಒಬ್ಬರಿಗೆ ದಾಟಿತು. ಮಾದುವೂ ನಕ್ಕಂತೆ ಮಾಡಿ ಹಿಂದಿನ ಬಾಗಿಲು ತೆಗೆಯಲು ಹೋದ. ಸೋಸಲೆಯ ಮಾದು, ಆರು ವರ್ಷದಿಂದ ಸಾ ಎನ್ನುವುದಲ್ಲದೆ ಇನ್ನೊಂದು ಅಂದವನಲ್ಲ. ಆ ದಿನ ಬಾಗಿಲು ತೆಗೆಯುವಾಗ ಅವನ ಕಿವಿಯ ತುದಿ ಕೆಂಪಗಾಗಿದ್ದು ಮಾತ್ರ ಈಗ, ಈ ಕೊರೆದ ಕಬ್ಬಿಣವನ್ನು ನೋಡುತ್ತ ಕೂತಿರುವಾಗ, ಎಷ್ಟು ಸ್ಪಷ್ಟವಾಗಿ ಕಾಣುತ್ತಿದೆ. ಮೂರನೆಯ ಸಲ ಮಾದು ಹೇಳಲಿಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಚಕ್ರದಿಂದ ಬರುತ್ತಿದ್ದ ಕರ್ರೆನ್ನುವ ಸದ್ದಿಗೆ ಒಮ್ಮೆ ಇವನ ಮುಖ ನೋಡುತ್ತಿದ್ದ, ಅಷ್ಟೆ. ಇವನು ಕಿಟಕಿಯಾಚೆ ನೋಡುತ್ತಿದ್ದ. ಮುಂದಿನ ವಾರ ಮಾಡಿಸಿದರಾಯಿತು. ಪರೀಕ್ಷೆಯ ಕೆಲಸ ಮುಗಿಯಲಿ. ತಾನೇ ಹೇಳಿ ಮಾಡಿಸಬೇಕು, ಅವನು ಹೇಳಿದ್ದಕ್ಕೆ ಮಾಡಿಸಿದಂತೆ ಆಗಬಾರದು. ಇಷ್ಟು ಸಣ್ಣ ಮಾತು. ಇಷ್ಟು ಸಣ್ಣದಕ್ಕೆ!

ಐದು ದಿನದ ಹಿಂದೆ ಹೆಮ್ಮಿಗೆಯ ರಸ್ತೆಯಲ್ಲಿ ಆ ಹೆಂಗಸು ನಾಲೆಯ ಏರಿಯಿಂದ ಇಳಿದು ಬಂದಳು. ತಲೆಯ ಮೇಲೆ ಹಸಿ ಹುಲ್ಲಿನ ಹೊರೆ. ಹೊರೆ ಅಷ್ಟು ದೊಡ್ಡದಾಗಿತ್ತಾದ್ದರಿಂದ ಮುಖ ಕಾಣುತ್ತಿರಲಿಲ್ಲ. ಹುಲ್ಲೇ ನಡೆದು ಬಂದಂತೆ ಇತ್ತು. ಸಿದ್ದಮಲ್ಲಪ್ಪ ಮುಂದಿನ ಸೀಟಿನಲ್ಲಿದ್ದ; ಹೆಂಡತಿ ದೇವೀರಮ್ಮ ಹಿಂದೆ. ದೂರ ಇತ್ತು, ಬೇಕಾದಷ್ಟು ದೂರ ಇತ್ತು, ಗಾಡಿಯೂ ಜೋರಿನಲ್ಲಿರಲಿಲ್ಲ. ಮಾದು ಹಾರನ್ ಹೊಡೆದು ಬ್ರೇಕಿನ ಮೇಲೆ ಕಾಲಿಟ್ಟ. ಕಾಲು ಒಳಗೆ ಹೋಯಿತು. ಮತ್ತೆ ತುಳಿದ, ಮತ್ತೆ ತುಳಿದ. 'ಇಡೀತಿಲ್ಲ ಸಾ, ಇಡೀತಿಲ್ಲ' ಎಂದು ಕೂಗಿದ. ಆ ಕೂಗಿಗೂ ಹುಲ್ಲಿನ ಹೊರೆ ಗಾಜಿಗೆ ಬಡಿದದ್ದಕ್ಕೂ ನಡುವೆ ಸಿದ್ದಮಲ್ಲಪ್ಪನಿಗೆ ಒಂದು ಯೋಚನೆ ಬರುವಷ್ಟು ಹೊತ್ತು ಇತ್ತು. ಎರಡು ಸಲ ಹೇಳಿದ್ದ, ಎಂಬ ಯೋಚನೆ. ಆಮೇಲೆ ಆಕೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ದೇವೀರಮ್ಮನ ತೊಡೆಯ ಮೇಲಿಟ್ಟು, ಅದೇ ಗಾಡಿಯಲ್ಲಿ ತಿರುಮಕೂಡಲಿನ ಆಸ್ಪತ್ರೆಗೆ ಬಂದರು. ಬ್ರೇಕಿಲ್ಲದ ಗಾಡಿಯನ್ನು ಗೇರಿನಲ್ಲೇ ಹಿಡಿಯುತ್ತ, ಹ್ಯಾಂಡ್ ಬ್ರೇಕ್ ಎಳೆಯುತ್ತ, ಮಾದು ಅಳುತ್ತಲೇ ಓಡಿಸಿದ. ಕೆಂಪಾಜಮ್ಮ ಎಂದು ಅವಳ ಹೆಸರು ಗೊತ್ತಾದದ್ದು ಆಸ್ಪತ್ರೆಯ ಚೀಟಿ ಬರೆಸುವಾಗ. ಅಲ್ಲಿಗೆ ಬಂದ ಪೇದೆ ಪುಸ್ತಕ ತೆಗೆದು, ಏನಾಯ್ತು ಮೇಷ್ಟ್ರೇ, ಬ್ರೇಕ್ ಗೀಕ್ ಸರಿಯಿತ್ತಾ, ಎಂದು ಕೇಳಿದ. 'ಎಲ್ಲಾ ಸರಿಯಾಗೇ ಇತ್ತು. ಇವನದೇ ಸ್ವಲ್ಪ ವೇಗ' ಎಂದ ಸಿದ್ದಮಲ್ಲಪ್ಪ. ಅಂದುಬಿಟ್ಟ ಮೇಲೆ ತಾನು ಏನಂದೆ ಎಂದು ತನಗೇ ಕೇಳಿಸಿತು. ಮಾದು ಹತ್ತು ಮಾರು ದೂರದಲ್ಲಿ ನಲ್ಲಿಯ ಕೆಳಗೆ ಸೀಟಿನ ಹೊದಿಕೆ ತೊಳೆಯುತ್ತಿದ್ದ. ಅವನಿಗೆ ಕೇಳಿಸಿತೋ ಇಲ್ಲವೋ. ನೀರು ಜೋರಾಗಿ ಬೀಳುತ್ತಿತ್ತು. ಐದು ದಿನದಿಂದ ಸಿದ್ದಮಲ್ಲಪ್ಪ ಆ ನಲ್ಲಿಯ ನೀರು ಎಷ್ಟು ಜೋರಾಗಿತ್ತು ಎಂದು ನೆನಪು ಮಾಡಿಕೊಳ್ಳುತ್ತಲೇ ಇದ್ದಾನೆ. ಹೆಂಗಸು ಬದುಕಿರುವವರೆಗೆ ಠಾಣೆಯವರು ಗಾಡಿ ಮನೆಯಲ್ಲೇ ಇರಲಿ ಎಂದಿದ್ದರು; ಮಾದು ಅದನ್ನು ಗೇರಿನಲ್ಲೇ ಹಿಡಿಯುತ್ತ ಮನೆ ಸೇರಿಸಿದ್ದ. ಈಗ ಬದುಕಿಲ್ಲ.

'ಊಟಕ್ಕೆ ಬತ್ತೀರಾ?' ದೇವೀರಮ್ಮ ಬಾಗಿಲಲ್ಲಿ ನಿಂತು ಕೇಳಿದಳು. ಅಂಗಳದಲ್ಲಿ ಬಿದ್ದ ಚಕ್ರವನ್ನೂ ಗೋಣಿಯ ಮೇಲಿಟ್ಟ ಸಾಮಾನುಗಳನ್ನೂ ಅವಳು ನೋಡಲಿಲ್ಲ. ನೋಡದೆ ಇರಲು ಕಷ್ಟಪಡುತ್ತಿದ್ದಳು.

'ಆಮೇಲೆ.'

'ಬೆಳಿಗ್ಗೆಯಿಂದ ಏನೂ ತಿಂದಿಲ್ಲ.'

'ನಾಳೆ ಗಾಡೀನ ಅಲ್ಲೀವರೆಗೆ ಓಡಿಸ್ಕೊಂಡು ಹೋಗ್ಬೇಕಲ್ಲ ದೇವೀರಿ. ಬ್ರೇಕಿಲ್ದೆ ಹೆಂಗೆ ಹೋಗೋದು? ಅದಕ್ಕೇ ಹಾಕ್ತಿದೀನಿ.' ಈ ಮಾತನ್ನು ಅವನು ಬಸ್ಸಿನಲ್ಲಿ ಬರುವಾಗಲೇ ಜೋಡಿಸಿ ಇಟ್ಟುಕೊಂಡಿದ್ದ. ಗಟ್ಟಿಯಾಗಿ ಹೇಳಿದಾಗ ಅದು ನಿಜದಂತೆಯೇ ಕೇಳಿಸಿತು.

ದೇವೀರಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಕೈ ಒದ್ದೆಯಾಗಿರಲಿಲ್ಲ. 'ನಾನೂ ಕೂತಿದ್ದೆ ಕಣ್ರೀ ಗಾಡೀಲಿ' ಎಂದಳು. ಒಳಗೆ ಹೋದಳು. ಅಡಿಗೆಮನೆಯಲ್ಲಿ ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿದ ಸದ್ದಾಯಿತು.

ಹೊಸ ಡಿಸ್ಕು ಹಾಕಬೇಕಾದರೆ ಹಳೆಯದು ಬರಬೇಕು. ಹಳೆಯದು ಬರಲಿಲ್ಲ. ಮೊದಲು ಕೈಯಿಂದ ಎಳೆದ. ಸೀಮೆಎಣ್ಣೆ ಸುರಿದ. ಸುತ್ತಿಗೆಯಿಂದ ಮೆಲ್ಲಗೆ ಬಡಿದ, ಸದ್ದಿಗೆ ಹೆದರಿ ಸುತ್ತಿಗೆಗೆ ಬಟ್ಟೆ ಸುತ್ತಿ ಬಡಿದ, ಆಮೇಲೆ ಬಟ್ಟೆ ಬಿಚ್ಚಿ ಬಿಸಾಕಿ ಬೀದಿಗೆಲ್ಲ ಕೇಳುವ ಹಾಗೆ ಬಡಿದ. ಅದು ಅಲುಗಲಿಲ್ಲ. ಮೂರು ಗಂಟೆಯಾಗಿತ್ತು. ಇನ್ನೊಂದು ಕಡೆಯ ಚಕ್ರ ಹಾಗೇ ಇತ್ತು. ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಸುತ್ತಿಗೆ ಜಾರಿ ಎಡಗೈ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಆ ನೋವು ಬಂದಾಗ ಒಂದು ಗಳಿಗೆ ಅವನಿಗೆ ಹಿತವೆನಿಸಿತು, ಮತ್ತೆ ಆ ಹಿತಕ್ಕೂ ನಾಚಿಕೆಯಾಯಿತು. ಉಗುರು ಕಪ್ಪಾದರೆ ಏನಾಯಿತು? ತೀರಿಸಿದಂತಾಯಿತೇ? ಹೊರಗಿನಿಂದ ಯಾರೋ ಗೇಟು ಅಲುಗಾಡಿಸಿದರು. 'ಸಾ' ಎಂಬ ಕೂಗು. ಟಾರ್ಪಾಲಿನ ಕೆಳಗೆ ಮಾದುವಿನ ಕಾಲುಗಳು, ಅವನ ರಬ್ಬರ್ ಚಪ್ಪಲಿ ಕಾಣಿಸಿದವು. ಸುಮ್ಮನೆ ಕೂತರೆ ಹೋಗಿಬಿಡುತ್ತಾನೆ ಎಂದುಕೊಂಡು ಸಿದ್ದಮಲ್ಲಪ್ಪ ಉಸಿರು ಬಿಗಿಹಿಡಿದ. ಆದರೆ ದೇವೀರಮ್ಮ ಒಳಗಿನಿಂದ ಬೀಗದ ಕೈ ಹಿಡಿದು ಬಂದವಳು, ಗಂಡನ ಮುಖ ನೋಡದೆ, ಗೇಟು ತೆಗೆದಳು.

ಮಾದು ಎರಡು ಹೆಜ್ಜೆ ಒಳಗೆ ಬಂದು ನಿಂತ. ಒಗೆದ ಅಂಗಿ ತೊಟ್ಟಿದ್ದ, ತಲೆ ಬಾಚಿದ್ದ. ಸೋಸಲೆಯಿಂದ ಎರಡು ಬಸ್ಸು ಬದಲಾಯಿಸಿ ಬಂದಿರಬೇಕು. ಏನೋ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದವನಂತೆ ಬಾಯಿ ತೆಗೆದೇ ಬಂದಿದ್ದ. 'ಸಾ, ನಾಳೀಕೆ ಬ್ರೇಕ್ ಇನ್ಸ್‌ಪೆಟ್ರು ಬತ್ತಾರಂತಲ್ಲ, ಅವ್ರು ಚಕ್ರ ಬಿಚ್ಚಿ ನೋಡುದ್ರೆ ಗೊತ್ತಾಯ್ತದೆ ಸಾ ನಂದೇನೂ...' ಎನ್ನುವಷ್ಟರಲ್ಲಿ ಅವನ ಕಣ್ಣು ಅಂಗಳಕ್ಕೆ ಹೊಂದಿಕೊಂಡಿತು. ಜಾಕಿಯ ಮೇಲೆ ನಿಂತ ಗಾಡಿ. ಕಳಚಿಟ್ಟ ಚಕ್ರ. ರಟ್ಟಿನ ಪೆಟ್ಟಿಗೆಯಲ್ಲಿ ಕನ್ನಡಿಯಂತೆ ಹೊಳೆಯುವ ಎರಡು ಡಿಸ್ಕು. ಮಾತು ಅಲ್ಲಿಗೇ ನಿಂತಿತು. ಸಿದ್ದಮಲ್ಲಪ್ಪ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಹೇಳಲು ಹೋದ. ಬ್ರೇಕಿಲ್ಲದೆ ಅಲ್ಲಿಗೆ ಹೆಂಗೆ ಹೋಗೋದು. 'ಬ್ರೇಕು...' ಎಂದ ಅಷ್ಟೆ.

ಮಾದು ಬಯ್ಯಬಹುದು, ತಿರುಗಿ ಹೋಗಬಹುದು, ಬೀದಿಯಲ್ಲಿ ನಿಂತು ಕೂಗಿ ನಾಲ್ಕು ಜನರನ್ನು ಕರೆಯಬಹುದು ಎಂದು ಸಿದ್ದಮಲ್ಲಪ್ಪ ಕಾದ. ಹಾಗೇನಾದರೂ ಮಾಡಿದರೆ ಒಳ್ಳೆಯದಿತ್ತು. ಆಗ ತನಗೂ ಸಿಟ್ಟು ಬರುತ್ತಿತ್ತು, ಸಿಟ್ಟಿನ ಹಿಂದೆ ನಿಲ್ಲಬಹುದಿತ್ತು. ಕಾದು ಸಾಕಾಗಿ ಸುತ್ತಿಗೆ ಎತ್ತಿ ಮತ್ತೆ ಡಿಸ್ಕಿಗೆ ಬಡಿದ. ಒಂದು, ಎರಡು, ಮೂರು.

'ಅದು ಅಂಗೆ ಬರಾಕಿಲ್ಲ ಸಾ' ಎಂದ ಮಾದು.

ಸಿದ್ದಮಲ್ಲಪ್ಪ ಮತ್ತೊಂದು ಏಟು ಹಾಕಿದ.

'ಚಕ್ರ ಕೂರೋ ಅಬ್ಬಿಗೇ ಸೇರ್ಕಂಡದೆ ಅದು. ನಡ್ವಿನ ನಟ್ ಬಿಚ್ಬೇಕು, ಬೇರಿಂಗ್ ಆಚಿಕ್ ಬರ್ಬೇಕು. ಎಲ್ಡೂ ಒಟ್ಗೇ ಬತ್ತವೆ. ಆಮ್ಯಾಕೆ ಹಿಂದ್ಗಡೆಯಿಂದ ಬೋಲ್ಟ್ ಬಿಚ್ಚದು.' ಹತ್ತಿರ ಬಂದು, 'ಸರಿದ್ಕಳಿ' ಎಂದ. ಸಾ ಎನ್ನಲಿಲ್ಲ. ಒಗೆದ ಅಂಗಿಯನ್ನು ಬಿಚ್ಚಿ ಮಡಿಸಿ ಕಟ್ಟೆಯ ಮೇಲಿಟ್ಟು, ಬನಿಯನ್ನಿನಲ್ಲಿ ಬಂದು ಕೂತ.

ಆಮೇಲಿನ ಎರಡು ಗಂಟೆಯನ್ನು ಸಿದ್ದಮಲ್ಲಪ್ಪ ಪಕ್ಕದಲ್ಲಿ ಕೂತು ಕೇಳಿದ್ದನ್ನು ಕೊಡುತ್ತ ಕಳೆದ. ಹದಿನೇಳು ನಂಬರ್ ಸ್ಪ್ಯಾನರು ಕೊಡಿ. ಚಿಂದಿ ಕೊಡಿ. ಗ್ರೀಸ್ ಕೊಡಿ. ಮಾದುವಿನ ಬೆರಳುಗಳು ಯಾವುದನ್ನೂ ಅವಸರ ಮಾಡಲಿಲ್ಲ. ಬೇರಿಂಗನ್ನು ಬಟ್ಟೆಯ ಮೇಲಿಟ್ಟು ಒರೆಸಿದ, ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಒಂದೊಂದು ಗುಂಡಿಗೂ ತುಂಬಿದ. ಹೊಸ ಡಿಸ್ಕಿನ ಮೇಲಿನ ಎಣ್ಣೆಯನ್ನು ಪೆಟ್ರೋಲಿನಲ್ಲಿ ಒರೆಸಿ ತೆಗೆದ, ಬೆರಳು ತಾಗಿದಲ್ಲಿ ಮತ್ತೆ ಒರೆಸಿದ. ಕಳಚಿದ ಹಳೆಯ ಡಿಸ್ಕನ್ನು ಒಮ್ಮೆ ಬೆಳಕಿಗೆ ಹಿಡಿದು ಅದರ ಸಾಲುಗಳ ಮೇಲೆ ಬೆರಳಾಡಿಸಿ, ಗೋಣಿಯ ಮೇಲಿಟ್ಟ. ತನ್ನನ್ನು ಉಳಿಸುವ ಒಂದೇ ಸಾಕ್ಷಿ ಅದು ಎಂದು ಅವನಿಗೆ ಗೊತ್ತಿದೆ. ಗೊತ್ತಿದ್ದೂ ಮಾಡುತ್ತಿದ್ದಾನೆ. ಯಾಕೆ ಎಂದು ಕೇಳಬೇಕು. ಕೇಳಿದರೆ ಅವನು ಹೇಳಿಬಿಟ್ಟಾನು. ನಡುವಿನ ನಟ್ಟನ್ನು ಬಿಗಿ ಮಾಡುವಾಗ ಮಾದು ಕಣ್ಣು ಮುಚ್ಚಿಕೊಂಡು, ಚಕ್ರ ಕೂರುವ ಹಬ್ಬನ್ನು ಕೈಯಿಂದ ತಿರುಗಿಸಿ, ಕೂದಲೆಳೆಯಷ್ಟು ಸಡಿಲಿಸಿ, ಮತ್ತೆ ತಿರುಗಿಸಿ ನೋಡಿದ. ಆಗ ತಾನಾಗಿ ಹೇಳಿದ, ನಟ್ಟಿಗೆ ಹೇಳಿದ ಹಾಗೆ. 'ಬಿಗಿ ಆದ್ರೆ ಬೇರಿಂಗ್ ಸುಟ್ಟೋಯ್ತದೆ. ಸಡ್ಲ ಬುಟ್ರೆ ಚಕ್ರ ಕಳಚ್ಕತ್ತದೆ. ನೀವು ಹಾಕಿದ್ರೆ ಅದೇ ಆಗ್ತಿತ್ತು. ದಾರೀಲಿ ಜನ ಇರ್ತಾರೆ ಸಾ.'

ದೇವೀರಮ್ಮ ಕಾಫಿ ತಂದು ಕೊಟ್ಟಳು. ಅಮ್ಮಾವ್ರೇ, ಕೈ ಎಣ್ಣೆ, ಅಲ್ಲೇ ಮಡುಗಿ ಎಂದ ಮಾದು. ಕಾಫಿ ಆರಿಹೋಯಿತು.

ಎರಡೂ ಚಕ್ರ ಮುಗಿದ ಮೇಲೆ ಬ್ರೇಕ್ ಆಯಿಲ್ ಸುರಿದು ಅದರ ಪೈಪಿನೊಳಗಿನ ಗಾಳಿ ತೆಗೆಯಬೇಕಿತ್ತು. ಅದಕ್ಕೆ ಇಬ್ಬರು ಬೇಕು. 'ಮ್ಯಾಲ್ ಕೂತ್ಕಳಿ' ಎಂದು ಮಾದು ಚಕ್ರದ ಪಕ್ಕ ನೆಲಕ್ಕೆ ಮಲಗಿದ. ಸಿದ್ದಮಲ್ಲಪ್ಪ ಡ್ರೈವರ್ ಸೀಟಿಗೆ ಹತ್ತಿದ. ಆರು ವರ್ಷದಲ್ಲಿ ಅವನು ಆ ಸೀಟಿನಲ್ಲಿ ಕೂತದ್ದು ನಾಲ್ಕೈದು ಸಲ ಇರಬಹುದು. ಮಾದುವಿನ ಮೈಗೆ ತಗ್ಗಾದ ಸೀಟು. ಗಾಜಿನಾಚೆ ತನ್ನ ಮನೆಯ ಗೋಡೆ. 'ಒತ್ತಿ ಸಾ.'

ಒತ್ತಿದ. ಕಾಲಿನ ಕೆಳಗೆ ಏನೂ ಇರಲಿಲ್ಲ. ಮೆಟ್ಟಿಲಿದೆ ಎಂದು ಹೆಜ್ಜೆ ಇಟ್ಟವನಿಗೆ ಮೆಟ್ಟಿಲು ಸಿಗದೆ ಹೋದಂತೆ ಪೆಡಲು ಸೀದಾ ಕೆಳಗೆ ಹೋಗಿ ತಳಕ್ಕೆ ತಾಗಿತು. ಗೋಡೆ ಅಲ್ಲೇ ಇತ್ತು, ಗಾಡಿ ಜಾಕಿಯ ಮೇಲಿತ್ತು, ಎಲ್ಲೂ ಹೋಗುತ್ತಿರಲಿಲ್ಲ. ಆದರೂ ಅವನ ಎರಡು ಕೈಗಳು ಸ್ಟೇರಿಂಗನ್ನು ಅವುಚಿ ಹಿಡಿದವು, ಬಾಯಿಂದ ಒಂದು ಶಬ್ದ ಹೊರಟಿತು. ಮಾದು ಅವತ್ತು ತುಳಿದದ್ದು ಇದನ್ನೇ. ಇದನ್ನು ತುಳಿದು, ಹಿಡಿಯುತ್ತಿಲ್ಲ ಎಂದು ಗೊತ್ತಾಗಿ, ಮತ್ತೆ ಇದನ್ನೇ ತುಳಿದು.

'ಒತ್ತಿಡ್ಕಳಿ ಸಾ, ಬುಡ್ಬೇಡಿ.' ಕೆಳಗಿನಿಂದ ಪುಸ್ಸೆಂದು ಗಾಳಿ ಹೋದ ಸದ್ದು. 'ಈಗ ಬುಡಿ. ಇನ್ನೊಂದ್ಸಲ. ಒತ್ತಿ.' ಒತ್ತಿದ. ಬಿಟ್ಟ. ಒತ್ತಿದ. ಕಣ್ಣೀರು ಬಂದು ಗಾಜು ಮಸುಕಾಯಿತು. ಕೆಳಗೆ ಮಲಗಿದವನಿಗೆ ಅದು ಕಾಣುವ ಹಾಗಿರಲಿಲ್ಲ, ಅದಕ್ಕೇ ಬಂದಿತೋ ಏನೋ. ಹತ್ತನೆಯ ಸಲಕ್ಕೋ ಹನ್ನೆರಡನೆಯ ಸಲಕ್ಕೋ ಕಾಲಿಗೆ ಎದುರು ಸಿಕ್ಕಿತು. ಗಟ್ಟಿಯಾಗಿ, ಕಲ್ಲಿನ ಹಾಗೆ. 'ಇಡೀತಾ ಸಾ?' ಎಂದು ಮಾದು ಕೇಳಿದ.

'ಹಿಡೀತು' ಎಂದ ಸಿದ್ದಮಲ್ಲಪ್ಪ.

ಮಾದು ಕೈ ತೊಳೆದುಕೊಂಡು ಅಂಗಿ ಹಾಕಿಕೊಂಡ. ನಾಳೆ ಎಂಟಕ್ಕೆ ಬತ್ತೀನಿ ಎಂದ. ಗೇಟಿನ ಹತ್ತಿರ ತಿರುಗಿ ಗೋಣಿಯ ಕಡೆ ನೋಡಿ, 'ಅದ್ನ ಏನ್ ಮಾಡೀರಿ?' ಎಂದ. 'ಗುಜರಿಗೆ' ಎಂದ ಸಿದ್ದಮಲ್ಲಪ್ಪ. ಮಾದು ತಲೆಯಾಡಿಸಿ ಹೋದ.

ಗುಜರಿಯವನೂ ಕಣ್ಣಿರುವವನೇ. ಬೆಳಕಿರುವಾಗಲೇ ಚೀಲವನ್ನು ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಕಪಿಲೆಯ ದಂಡೆಗೆ ಹೋದ. ಭಾನುವಾರವಾದ್ದರಿಂದ ಸ್ನಾನದ ಮೆಟ್ಟಿಲ ಹತ್ತಿರ ಇನ್ನೂ ಜನ ಇದ್ದರು. ಅಲ್ಲಿಂದ ಕೆಳಗೆ, ಬಟ್ಟೆ ಒಗೆಯುವ ಕಡೆ ನಡೆದ. ಹಳೆಯ ಡಿಸ್ಕು, ಪ್ಯಾಡು ತುಂಬಿದ ಚೀಲವನ್ನು ಎತ್ತಿ ಎಸೆದಾಗ ತಾನು ಅಂದುಕೊಂಡಷ್ಟು ದೂರ ಹೋಗಲಿಲ್ಲ. ದೊಡ್ಡ ಸದ್ದಾಯಿತು. ಒದ್ದೆ ಪಂಚೆಯ ಮುದುಕನೊಬ್ಬ ತಿರುಗಿ ನೋಡಿ, 'ಏನ್ ಸಾಮಿ ಅದು?' ಎಂದ. 'ಹರಕೆ' ಎಂದ ಸಿದ್ದಮಲ್ಲಪ್ಪ. ಯಾಕೆ ಹಾಗಂದನೋ. ಮುದುಕ ತಕ್ಷಣ ಕೈಯಲ್ಲಿದ್ದ ಚೊಂಬನ್ನು ಕಂಕುಳಿಗೆ ಇಟ್ಟುಕೊಂಡು, ನೀರಿನ ಉಂಗುರಗಳು ಇನ್ನೂ ಹರಡುತ್ತಿದ್ದ ಕಡೆಗೆ ಭಕ್ತಿಯಿಂದ ಕೈಮುಗಿದ. ಸಿದ್ದಮಲ್ಲಪ್ಪನೂ ಮುಗಿಯಬೇಕಾಯಿತು.

ಮಾರನೆಯ ದಿನ ಠಾಣೆಯವರೆಗೆ ಮಾದುವೇ ಓಡಿಸಿದ. ಹಂಪು ಬಂದಾಗ, ದನ ಅಡ್ಡ ಬಂದಾಗ, ಗಾಡಿ ಚೂರೂ ಸದ್ದಿಲ್ಲದೆ ನಿಲ್ಲುತ್ತಿತ್ತು. ಕೀರುವ ಸದ್ದಿಲ್ಲದಿರುವುದು ಹೊಸಬರೊಬ್ಬರು ಹಿಂದೆ ಕೂತಂತೆ ಇತ್ತು. ಠಾಣೆಯ ಅಂಗಳದ ಬೇವಿನ ಮರದ ಕೆಳಗೆ ಸಿಮೆಂಟಿನ ಬೆಂಚಿನ ಮೇಲೆ ಒಬ್ಬ ಬಡಕಲು ಮುದುಕ ತಲೆ ಬೋಳಿಸಿಕೊಂಡು ಕೂತಿದ್ದ. ಅವನೇ ಕೆಂಪಾಜಮ್ಮನ ಗಂಡ, ಚೆಲುವಯ್ಯ, ಕಿವಿ ಮಂದ ಎಂದು ಪೇದೆ ಹೇಳಿದ. ಅವನು ಬಂದವರನ್ನು ನೋಡಿದ, ಯಾರೆಂದು ತಿಳಿಯದೆ ನಮಸ್ಕಾರ ಮಾಡಿದ.

ಬ್ರೇಕ್ ಇನ್ಸ್‌ಪೆಕ್ಟರಿಗೆ ಅವಸರವಿತ್ತು. ಗಾಡಿ ಹತ್ತಿ ಅಂಗಳದಲ್ಲೇ ಒಂದು ಸುತ್ತು ಓಡಿಸಿ ಗಕ್ಕನೆ ಬ್ರೇಕ್ ಹಾಕಿದರು. ಗಾಡಿ ಮೂಗು ತಗ್ಗಿಸಿ ನಿಂತಲ್ಲೇ ನಿಂತಿತು. ಇಳಿದು ಬಂದು ಚಕ್ರದ ತೂತಿನಲ್ಲಿ ಇಣುಕಿದರು. 'ಡಿಸ್ಕು ಹೊಸದಿದೆ. ಯಾವಾಗ ಹಾಕ್ಸಿದ್ರಿ ಮೇಷ್ಟ್ರೇ?'

'ಹೋದ ತಿಂಗಳು.' ಮಾತು ಸಲೀಸಾಗಿ ಬಂತು.

ಅವರು ಬರೆದುಕೊಂಡು ಮಾದುವಿನ ಕಡೆ ತಿರುಗಿದರು. 'ಏನಯ್ಯಾ, ಬ್ರೇಕ್ ಹಿಡೀಲಿಲ್ಲ ಅಂತೀಯಂತೆ. ಇಷ್ಟು ಚೆನ್ನಾಗಿ ಹಿಡೀತಾ ಇದೆ?'

ಮಾದು ಚಕ್ರವನ್ನೇ ನೋಡುತ್ತ ನಿಂತಿದ್ದ. 'ಈಗ ಇಡೀತದೆ ಸಾ' ಎಂದ.

'ಈಗ ಹಿಡೀತದೆ, ಆಗ ಹಿಡೀಲಿಲ್ಲ. ಎಲ್ಲಾ ಡ್ರೈವರ್‌ಗಳೂ ಹೇಳೋದು ಇದನ್ನೇ. ಇಲ್ಲಿ ಸೈನ್ ಹಾಕು.' ಬಾನೆಟ್ಟಿನ ಮೇಲೆ ಕಾಗದ ಇಟ್ಟರು. ಮಾದು ಪೆನ್ನು ತೆಗೆದುಕೊಂಡ. ಎಲ್ಲಿ ಎಂದು ಕೇಳಿದ. ಇಲ್ಲಿ ಎಂದು ತೋರಿಸಿದರು. ಅವನು ಬಾಗಿ, ಶಾಲೆಯ ಹುಡುಗರು ಬರೆಯುವ ಹಾಗೆ ನಾಲಿಗೆಯ ತುದಿ ಕಚ್ಚಿಕೊಂಡು, ಮೊದಲ ಅಕ್ಷರ ಬರೆದ. ಸಿದ್ದಮಲ್ಲಪ್ಪನ ಬಲಗಾಲು ನಿಂತಲ್ಲೇ ನೆಲವನ್ನು ಒತ್ತಿತು. ಗಟ್ಟಿ ನೆಲ, ಆದರೂ ಒಳಗೆ ಹೋಗುತ್ತಿರುವ ಹಾಗೆ, ತಳವೇ ಸಿಗದ ಹಾಗೆ.

'ನಿನ್ನೆ' ಎಂದ.

'ಏನಂದ್ರಿ?'

ಏನಿಲ್ಲ ಎನ್ನಬಹುದಿತ್ತು. ಇನ್ನೂ ಅಷ್ಟು ಜಾಗ ಇತ್ತು. ಎರಡನೆಯ ಸಲ ಹೇಳುವುದು ಎಷ್ಟು ಕಷ್ಟವೆಂದು ಅವನಿಗೆ ಆಗ ಗೊತ್ತಾಯಿತು. 'ನಿನ್ನೆ ಹಾಕಿದ್ದು ಸಾರ್. ಅವತ್ತು ಬ್ರೇಕ್ ಇರಲಿಲ್ಲ. ಪ್ಯಾಡೆಲ್ಲಾ ಸವೆದುಹೋಗಿತ್ತು. ಇವನು ಹೇಳಿದ್ದ. ನಾನು ಮಾಡಿಸಲಿಲ್ಲ.'

ಇನ್ಸ್‌ಪೆಕ್ಟರು ಪೆನ್ನಿನ ಹಿಂದುಗಡೆಯಿಂದ ಹಣೆ ಕೆರೆದುಕೊಂಡರು. 'ಹಳೇದೆಲ್ಲಿ?'

'ಹೊಳೆಗೆ ಹಾಕಿದೆ.'

'ಹೊಳೆಗೆ!' ಪೇದೆಗೆ ನಗು ತಡೆಯಲಿಲ್ಲ. ಮೇಷ್ಟ್ರಾಗಿ ಹಿಂಗ್ ಮಾಡೋದಾ ಸಾರ್ ಎಂದ. ಕೇಸು ನಿಮ್ಮ ಮೇಲೂ ಬರ್ತದೆ, ಕೆಲಸಕ್ಕೂ ಕುತ್ತು ಬರಬೋದು, ಗೊತ್ತು ತಾನೆ, ಎಂದು ಬೇರೆ ಕೇಳಿದ. ಗೊತ್ತು ಎಂದ ಸಿದ್ದಮಲ್ಲಪ್ಪ. ಇನ್ಸ್‌ಪೆಕ್ಟರು ಕಾಗದವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಸಬ್‌ಇನ್ಸ್‌ಪೆಕ್ಟರಿಗೆ ಹೇಳ್ತೀನಿ, ಒಳಗೆ ಬಂದು ಬರೆದುಕೊಡಿ ಎಂದು ಮೆಟ್ಟಿಲು ಹತ್ತಿದರು. ಮಾದು ಪೆನ್ನಿಗೆ ಟೋಪಿ ಹಾಕಿ ಬಾನೆಟ್ಟಿನ ಮೇಲಿಟ್ಟ. ಸಿದ್ದಮಲ್ಲಪ್ಪನ ಕಡೆ ನೋಡಲಿಲ್ಲ. ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳತೊಡಗಿದ; ಹಾಕಿಕೊಳ್ಳುತ್ತಲೇ ಇದ್ದ.

ಒಳಗೆ ಹೋಗುವ ದಾರಿ ಬೆಂಚಿನ ಮುಂದೆಯೇ ಇತ್ತು. ಮುದುಕ ಎದ್ದು ನಿಂತ. ಏನೋ ನಡೆದಿದೆ ಎಂದು ಮಾತ್ರ ಅವನಿಗೆ ತಿಳಿದಿತ್ತು. 'ಏನಂತೆ ಸಾ?' ಎಂದು ಕಿವಿಯ ಹಿಂದೆ ಕೈ ಇಟ್ಟುಕೊಂಡು ಕೇಳಿದ.

ಪೇದೆ ಹೇಳುತ್ತಾನೆ ಎಂದು ಸಿದ್ದಮಲ್ಲಪ್ಪ ಕಾದ. ಪೇದೆ ಬೀಡಿ ಹಚ್ಚಿಕೊಳ್ಳುತ್ತಿದ್ದ. ಬಗ್ಗಿ, ಮುದುಕನ ಕಿವಿಯ ಹತ್ತಿರ ಬಾಯಿ ಇಟ್ಟು, ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಬೇಕಾಯಿತು. 'ಗಾಡಿ ನಂದು ಕಣಪ್ಪ. ಬ್ರೇಕ್ ಕೆಟ್ಟಿತ್ತು. ಡ್ರೈವರ್ ತಪ್ಪಲ್ಲ.'

ಚೆಲುವಯ್ಯ ಅವನ ಬಾಯನ್ನೇ ನೋಡುತ್ತ ಕೇಳಿಸಿಕೊಂಡ. 'ಕೆಟ್ಟಿದ್ದು ಗೊತ್ತಿತ್ತಾ ನಿಮ್ಗೆ?'

'ಗೊತ್ತಿತ್ತು.'

'ಯಾವಾಗ್ಲಿಂದ?'

'ಎರಡು ತಿಂಗಳಿಂದ.'

ಬಯ್ಗುಳ ಬಂದೀತು, ಪೆಟ್ಟು ಬಿದ್ದೀತು ಎಂದು ಸಿದ್ದಮಲ್ಲಪ್ಪನ ಮೈ ತಾನಾಗಿ ಕುಗ್ಗಿತು. ಮುದುಕ ಬೆರಳು ಮಡಿಸುತ್ತ ಏನನ್ನೋ ನೆನಪು ಮಾಡಿಕೊಳ್ಳುತ್ತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದವನ ಗಲಿಬಿಲಿ ಇತ್ತು.

'ಎಲ್ಡ್ ತಿಂಗ್ಳಾ' ಎಂದ. 'ಆಗಿನ್ನೂವೆ ನಾನೂ ಅವ್ಳೂ ಬತ್ತಾನೇ ಕುಯ್ದಿರ್ನಿಲ್ವಲ್ಲ ಸಾ.'

ಒಳಗಿನಿಂದ ಯಾರೋ ಸಿದ್ದಮಲ್ಲಪ್ಪನ ಹೆಸರು ಹಿಡಿದು ಎರಡು ಸಲ ಕೂಗಿದರು.